ಒಂದೇ ಟ್ಯೂಬಿನ ಎರಡು ಗೆರೆ

ಗಜೇಂದ್ರಗಡದ ಸಾವಿತ್ರಿಬಾಯಿಯವರ ಪಡಸಾಲೆಯಲ್ಲಿರುವ ಟಿವಿ ಕಪಾಟಿನಷ್ಟು ದೊಡ್ಡದು. ಅವರ ಯಜಮಾನರು ಸೀರೆ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಹುಬ್ಬಳ್ಳಿಯಿಂದ ಟೆಂಪೋದಲ್ಲಿ ತರಿಸಿದ್ದು. ಒಳಗೆ ಒಯ್ಯಲು ಬಾಗಿಲಿನ ಒಂದು ಕದ ಕಳಚಬೇಕಾಗಿತ್ತು. ಯಜಮಾನರು ತೀರಿಕೊಂಡು ಎಂಟು ವರ್ಷವಾಯಿತು. ಮಗ ಶ್ರೀನಿವಾಸ ಗೋಡೆಗೆ ತೂಗುಹಾಕುವ ತೆಳ್ಳನೆಯ ಟಿವಿ ತರುತ್ತೇನೆಂದು ಎಷ್ಟೋ ಸಲ ಹೇಳಿದ್ದಾನೆ. ಬಾಯಿಯವರು ಒಪ್ಪಿಲ್ಲ. ಹೀಗಾಗಿ ಅದು ಕೆಟ್ಟಾಗಲೆಲ್ಲ ರೋಣದಿಂದ ನಾನು ಹೋಗಬೇಕು. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕುಗಳಲ್ಲಿ ಇಂಥ ಟಿವಿ ಬಿಚ್ಚುವವನು ಈಗ ನಾನೊಬ್ಬನೇ ಉಳಿದಿದ್ದೇನೆ. ಹೆಸರು ಸಾಜೀದ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು. ಜನ ನನ್ನ ಮಾತಿಗೆ ಬೇರೆ ಮೆಕ್ಯಾನಿಕರ ಮಾತಿಗಿಂತ ಸ್ವಲ್ಪ ಹೆಚ್ಚು ಬೆಲೆ ಕೊಡುತ್ತಿದ್ದುದು ಆ ಪದವಿಯಿಂದ. ಅದು ನನಗೆ ಗೊತ್ತಿತ್ತು, ಇಷ್ಟವೂ ಆಗಿತ್ತು.

ಈ ಟಿವಿಯ ಹೊಟ್ಟೆಯಲ್ಲಿ ಮೂರು ಟ್ಯೂಬುಗಳಿರುತ್ತವೆ. ಕೆಂಪು, ಹಸಿರು, ನೀಲಿ. ಒಂದೊಂದು ಟ್ಯೂಬೂ ಇಡೀ ಚಿತ್ರವನ್ನು ತನ್ನ ಬಣ್ಣದಲ್ಲಿ ಬರೆಯುತ್ತದೆ. ಮೂರೂ ಒಳಗಿನ ಕನ್ನಡಿಗೆ ಬಡಿದು ಪರದೆಯ ಮೇಲೆ ಒಂದರ ಮೇಲೊಂದು ಕೂದಲೆಳೆಯೂ ತಪ್ಪದಂತೆ ಬಿದ್ದರೆ ನಮಗೆ ಕಾಣುವುದು ಒಂದು ಚಿತ್ರ. ಒಂದು ಸರಿದರೆ ಮುಖದ ಅಂಚಿಗೆ ಕೆಂಪೋ ನೀಲಿಯೋ ನೆರಳು ಬರುತ್ತದೆ, ಬಿಳಿ ಗೆರೆ ಬಣ್ಣಬಣ್ಣವಾಗಿ ಒಡೆಯುತ್ತದೆ. ಮೂರನ್ನೂ ಕೂಡಿಸುವ ಈ ಕೆಲಸಕ್ಕೆ ಕನ್ವರ್ಜೆನ್ಸ್ ಎನ್ನುತ್ತಾರೆ. ಬಿಡಿಯಾಗಿ ನೋಡಿದರೆ ಪ್ರತಿ ಟ್ಯೂಬೂ ಚೊಕ್ಕವಾಗಿಯೇ ಇರುತ್ತದೆ. ದೋಷ ಕಾಣುವುದು ಮೂರೂ ಕೂಡಿದಾಗ ಮಾತ್ರ. ಇದನ್ನು ನಾನು ಗಿರಾಕಿಗಳಿಗೆ ನೂರಾರು ಸಲ ಹೇಳಿದ್ದೇನೆ.

ಹೋದ ವರ್ಷ ಮಾರ್ಚಿನಲ್ಲಿ ಕರೆ ಬಂದಾಗ ದೋಷ ನಿಜವಾಗಿಯೂ ಟಿವಿಯದೇ ಆಗಿತ್ತು.

"ಸಾಜೀದಾ, ನೀಲಿ ಎಲ್ಲಾ ಬಾಳೆಲಿ ಹಂಗ ಬಾಗೇದ ನೋಡು. ಸೀರಿಯಲ್ಲಿನ ಸೊಸಿಗೆ ಎರಡು ಮೂಗು ಬಂದಾವ," ಎಂದರು ಸಾವಿತ್ರಿಬಾಯಿ.

"ಇರ್ಲಿ ಬಿಡ್ರಿ ಬಾಯಾರ. ಅತ್ತಿ ಒಂದು ಕೊಯ್ದ್ರ ಇನ್ನೊಂದು ಉಳಿತೈತಿ."

"ಮಾತಿಗೇನು ಕಮ್ಮಿ ಇಲ್ಲ ನಿನಗ. ಮೊದಲ ಕೈ ಆಡಿಸು."

ಕನ್ವರ್ಜೆನ್ಸಿನ ಬೋರ್ಡಿನಲ್ಲಿ ಎರಡು ದೊಡ್ಡ ಐಸಿ ಚಿಪ್ಪುಗಳಿರುತ್ತವೆ. ಅವು ವರ್ಷಾನುಗಟ್ಟಲೆ ಕಾದು ಕಾದು ಸಾಯುತ್ತವೆ, ಸಾಯುವಾಗ ಪಕ್ಕದ ಸಣ್ಣ ರೆಸಿಸ್ಟರುಗಳನ್ನೂ ಸುಡುತ್ತವೆ. ಬೋರ್ಡು ಬಿಚ್ಚಿ ರೋಣಕ್ಕೆ ಒಯ್ದೆ. ಎರಡೂ ಐಸಿ ಬದಲಿಸಿ, ಪ್ರತಿ ರೆಸಿಸ್ಟರನ್ನೂ ಅಳೆದು, ಮುಂದಿನ ಭಾನುವಾರ ತಂದು ಕೂಡಿಸಿದೆ. ಆಮೇಲಿನದು ತಾಳ್ಮೆಯ ಕೆಲಸ. ಪರದೆಯ ಮೇಲೆ ಗೆರೆಗಳ ಜಾಲರಿ ತರಿಸಬೇಕು. ಹಸಿರು ಜಾಲರಿಯನ್ನು ಮೊದಲು ನೇರ ಮಾಡಿ, ಕೆಂಪನ್ನು ಸರಿಸುತ್ತ ಸರಿಸುತ್ತ ಅದರ ಮೇಲೆ ಕೂರಿಸಬೇಕು. ಎರಡೂ ಸೇರಿ ಹಳದಿಯಾದರೆ ಸರಿ ಕೂತಿತು ಎಂದರ್ಥ. ಕೊನೆಗೆ ನೀಲಿ ಬಂದು ಕೂತಾಗ ಗೆರೆ ಬಿಳಿಯಾಗುತ್ತದೆ. ಪರದೆಯ ಹತ್ತಿರ ನಿಂತವನಿಗೆ ಇದು ಸರಿಯಾಗಿ ತಿಳಿಯುವುದಿಲ್ಲ. ನೋಡುವ ಜಾಗದಲ್ಲಿ ಕೂತು ಹೇಳಲು ಒಬ್ಬರು ಬೇಕು.

ಆ ದಿನ ಸೋಫಾದಲ್ಲಿ ಕೂತು ಹೇಳಿದವಳು ಶ್ರೀನಿವಾಸನ ಹೆಂಡತಿ ಮಯೂರಿ. ಜಕ್ಕಲಿಯ ಹುಡುಗಿ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮದುವೆಯಾಗಿ ಆಗ ನಾಲ್ಕು ವರ್ಷ.

"ಅರ್ಧ ಗೆರಿ ಎಡಕ್ಕ, ಅಣ್ಣಾರ," ಎಂದಳು. ನಾನು ರಿಮೋಟ್ ಒತ್ತಿದೆ. "ಅರ್ಧ ಅಂದ್ರ ಅರ್ಧ. ನೀವು ಮುಕ್ಕಾಲು ಸರಿಸಿದ್ರಿ."

ನಂಬಿಕೆ ಬರದೆ ಭೂತಗನ್ನಡಿ ಹಿಡಿದು ಪರದೆ ನೋಡಿದೆ. ಮುಕ್ಕಾಲೇ ಸರಿದಿತ್ತು.

"ಕಣ್ಣು ಅಂದ್ರ ಕಣ್ಣು ನೋಡ್ರಿ," ಎಂದೆ ಶ್ರೀನಿವಾಸನಿಗೆ.

"ಮನ್ಯಾಗೂ ಹಿಂಗ. ನನ್ನ ತಪ್ಪು ಅರ್ಧ ಇದ್ರ ಅರ್ಧಾನ ಹಿಡೀತಾಳ, ಜಾಸ್ತಿನೂ ಇಲ್ಲ, ಕಮ್ಮಿನೂ ಇಲ್ಲ," ಎಂದು ನಕ್ಕ. ಮಯೂರಿಯೂ ನಕ್ಕಳು. ಮಧ್ಯಾಹ್ನ ಮೂರಕ್ಕೆ ಶುರುವಾದ ಕೆಲಸ ಬಲಗಡೆಯ ಕೆಳಮೂಲೆಗೆ ಬಂದು ಮುಗಿದಾಗ ಸಂಜೆ ಏಳು ಗಂಟೆ ಹತ್ತು ನಿಮಿಷ. ಆ ಕೊನೆಯ ಮೂಲೆಯಲ್ಲೂ ಅವಳು ಹೇಳಿದ್ದು ಒಂದು ಸಲವೂ ತಪ್ಪಾಗಲಿಲ್ಲ.

ಜೂನಿನಲ್ಲಿ ಶ್ರೀನಿವಾಸನ ಫೋನು ಬಂತು. "ಸಂಜಿ ಆತಂದ್ರ ಗೆರಿ ಮತ್ತ ಒಡಿತಾವ ಅಂತ ಮಯೂರಿ ಹೇಳ್ತಾಳ. ನಮಗೇನು ಹಂಗ ಕಾಣೂದಿಲ್ಲ. ಆಕಿ ಕಣ್ಣು ಚೂಪು ಅದ, ನಿಮಗ ಗೊತ್ತಲ್ಲ."

ಸಂಜೆ ಎಂದ ಕೂಡಲೇ ನನ್ನ ತಲೆಯಲ್ಲಿ ಕಾರಣ ಸಿದ್ಧವಾಯಿತು. ಆ ಮನೆಯಲ್ಲಿ ಟಿವಿ ಮಧ್ಯಾಹ್ನದಿಂದ ಓಡುತ್ತದೆ. ಏಳಕ್ಕೆ ಬಾಯಿಯವರ ಧಾರಾವಾಹಿಗಳು ಶುರುವಾಗುವಾಗ ಐಸಿ ಚೆನ್ನಾಗಿ ಕಾದಿರುತ್ತದೆ. ಕಾದ ಐಸಿಯ ಅಳತೆ ಜಾರುತ್ತದೆ, ಗೆರೆ ಸರಿಯುತ್ತದೆ. ಇಂಥದನ್ನು ಹತ್ತು ಕಡೆ ನೋಡಿದ್ದೆ. ಬೆಳಗಿನ ಬಸ್ಸಿಗೆ ಹೋಗಿ, ಟಿವಿ ಹಚ್ಚಿ, ಮಧ್ಯಾಹ್ನ ಎರಡರವರೆಗೆ ಜಾಲರಿಯ ಮುಂದೆ ಕೂತೆ. ಏನೂ ಸರಿಯಲಿಲ್ಲ. ಮಯೂರಿ ಚಹಾ ತಂದಳು.

"ಈಗ ಒಂದ ಅದ ಅಣ್ಣಾರ. ಈಗ ನನಗೂ ಸರಿ ಕಾಣ್ತದ."

"ಸಂಜಿಗೆ ಯಾವ ಬಣ್ಣ ಹೊರಗ ಬರ್ತೈತ್ರಿ ಅಕ್ಕಾರ? ಕೆಂಪೋ ನೀಲಿಯೋ?"

"ಯಾವುದೂ ಬರೂದಿಲ್ಲ. ಮೊದಲಿನಂಗ ಬಣ್ಣ ಒಡಿಯೂದಿಲ್ರಿ. ಬಿಳಿ ಗೆರಿ ಎರಡು ಆಗ್ತಾವ. ಎರಡೂ ಪೂರ್ತಿ ಬಿಳಿನ. ಮತ್ತ, ಟಿವಿ ನೋಡಿ ಎದ್ದ ಮ್ಯಾಲೆ ಬಾಗಲಾ ಸೈತ ಎರಡು ಕಾಣ್ತದ. ಒಂದಿಷ್ಟು ಹೊತ್ತು ಮಲಗಿ ಎದ್ರ ಹೋಗ್ತದ."

"ಕಣ್ಣು ದಣಿದಿರ್ತಾವ್ರಿ. ಚಿತ್ರ ಸರಿ ಇಲ್ಲಂದ್ರ ಹಂಗಾಗ್ತೈತಿ. ಟಿವಿ ಸರಿ ಆದ್ರ ಅದೂ ಸರಿ ಆಗ್ತೈತಿ," ಎಂದೆ.

ಕನ್ವರ್ಜೆನ್ಸ್ ಕೆಟ್ಟರೆ ಬಿಳಿ ಗೆರೆ ಬಣ್ಣಗಳಾಗಿ ಬೇರ್ಪಡಬೇಕು. ಎರಡು ಪೂರ್ತಿ ಬಿಳಿ ಗೆರೆಗಳಾಗುವುದು ಸಾಧ್ಯವಿಲ್ಲ. ಇದು ನನಗೆ ಆವತ್ತೂ ಗೊತ್ತಿತ್ತು. ಅವಳು ನನ್ನ ಕೈಗೆ ಅತ್ಯಂತ ಶುದ್ಧವಾದ ಒಂದು ಅವಲೋಕನವನ್ನು ಕೊಟ್ಟಿದ್ದಳು. ದೂರದಿಂದ ನೋಡಿದಾಗ ಬಣ್ಣ ತಿಳಿದಿರಲಿಕ್ಕಿಲ್ಲ ಎಂದುಕೊಂಡು ನಾನು ಅದನ್ನು ಪಕ್ಕಕ್ಕಿಟ್ಟೆ. ಅರ್ಧ ಗೆರೆಯ ತಪ್ಪು ಹಿಡಿದವಳ ಮಾತನ್ನು!

ಬೋರ್ಡನ್ನು ಮತ್ತೆ ರೋಣಕ್ಕೆ ತಂದೆ. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿದೆ, ತಂಪುಗೊಳಿಸುವ ಸ್ಪ್ರೇ ಹೊಡೆದೆ. ಅಳತೆ ಅಲುಗಲಿಲ್ಲ. ಆದರೂ ಐಸಿ ಎರಡನ್ನೂ ಬದಲಿಸಿ, ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿ ಒಯ್ದು ಕೂಡಿಸಿದೆ. ಕಾರಣ ಸಿಗದಿದ್ದಾಗ ಕೈಗೆ ಸಿಕ್ಕ ಭಾಗ ಬದಲಿಸುವ ಮೆಕ್ಯಾನಿಕರನ್ನು ನಾನು ಜೀವನವಿಡೀ ಗೇಲಿ ಮಾಡಿಕೊಂಡು ಬಂದವನು.

ಜುಲೈ ಕೊನೆಗೆ ಮೂರನೆಯ ಕರೆ ಬಂತು. ಈ ಸಲ ಸಂಜೆಯೇ ಬರುತ್ತೇನೆಂದು ಹೇಳಿದೆ. ಏಳಕ್ಕೆ ತಲುಪಿದಾಗ ಮೂವರೂ ಟಿವಿಯ ಮುಂದೆ ಕೂತಿದ್ದರು. ಮಯೂರಿ ಸೋಫಾದ ತುದಿಯಲ್ಲಿ, ಗದ್ದವನ್ನು ಅಂಗೈಯಿಂದ ಎತ್ತಿ ಹಿಡಿದಿದ್ದಳು. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು.

"ಮೂರು ಸಲ ಬಂದಿ," ಎಂದರು ಸಾವಿತ್ರಿಬಾಯಿ. "ನಮ್ಮವರು ಇದ್ದಾಗ ಒಂದ ಸಲಕ್ಕ ಮುಗಿಸ್ತಿದ್ದಿ. ಕೈ ಹೋತೇನು ನಿಂದು? ಹುಬ್ಬಳ್ಳಿಯಿಂದ ಯಾರನ್ನರ ಕರಸಲೇನು?"

"ಕರಸ್ರಿ ಬಾಯಾರ. ಅವ್ರು ಬಂದು ಇದನ್ನ ನೋಡಿ, ಇದೇನು ಕಪಾಟೋ ಟಿವಿಯೋ ಅಂತ ಕೇಳ್ತಾರ."

ಯಾರೂ ನಗಲಿಲ್ಲ. ಹೇಳಿದವನಿಗೇ ನಗೆ ಬರಲಿಲ್ಲ.

ಜಾಲರಿ ಹಾಕಿದೆ. ನನ್ನ ಕಣ್ಣಿಗೆ ಗೆರೆಗಳು ಸೂಜಿಯಂತಿದ್ದವು. ಶ್ರೀನಿವಾಸನಿಗೂ ಒಂದೇ, ಬಾಯಿಯವರಿಗೂ ಒಂದೇ.

"ಅಕ್ಕಾರ, ನಿಮಗ?"

"ಎರಡು." ಅವಳ ಮಾತು ಸ್ವಲ್ಪ ಮೂಗಿನಲ್ಲಿ ಬಂತು, ನೆಗಡಿಯಾದವರಂತೆ.

"ನೋಡು, ರೆಪ್ಪಿ ಹೆಂಗ ಬಿದ್ದದ," ಎಂದರು ಬಾಯಿಯವರು. "ಸಂಜಿ ಆತಂದ್ರ ನಿದ್ದಿ ಈಕಿಗೆ. ಭಕ್ರಿ ಬಡಿ ಅಂದ್ರ ಕೈ ಏಳೂದಿಲ್ಲ. ನನ್ನ ಜೋಡಿ ಎರಡು ಸೀರಿಯಲ್ ನೋಡು ಅಂದ್ರ ಟಿವಿ ಒಡದದ ಅಂತಾಳ. ಮುಂಜಾನಿ ಮಾತ್ರ ಗುಂಡಕಲ್ಲಿನಂಗ ಗಟ್ಟಿ."

"ನಿದ್ದಿ ಅಲ್ರಿ ಅತ್ಯಾ."

"ಮತ್ತೇನು?"

ಅವಳಿಗೆ ಅದರ ಹೆಸರು ಗೊತ್ತಿರಲಿಲ್ಲ.

ಶ್ರೀನಿವಾಸ ನನ್ನ ಕಡೆ ತಿರುಗಿದ. "ಹೋದವಾರ ನರಗುಂದಕ್ಕ ಹೆಸರಿಡೂ ಕಾರ್ಯಕ್ಕ ಹೋಗಿದ್ವಿ. ಅಲ್ಲೆ ಕಣ್ಣಿನ ಶಿಬಿರ ಇತ್ತು, ಈಕಿದೂ ತೋರಿಸಿದೆ. ಎಡಗಣ್ಣು ಮುಚ್ಚಿ ಓದಿಸಿದ್ರು, ಬಲಗಣ್ಣು ಮುಚ್ಚಿ ಓದಿಸಿದ್ರು. ಎರಡೂ ಭಾಳ ಚಲೋ ಅವ, ಚಷ್ಮಾನೂ ಬ್ಯಾಡ ಅಂದ್ರು. ಇನ್ನ ಉಳಿದದ್ದು ಟಿವಿ. ಟಿವಿದ ತಪ್ಪೋ, ಈಕಿದ ತಪ್ಪೋ, ಇವತ್ತು ಹೇಳಿಬಿಡ್ರಿ. ನೀವು ಓದಿದವರು."

ಶಿಬಿರದಲ್ಲಿ ತೋರಿಸಿದ್ದು ಎಷ್ಟು ಹೊತ್ತಿಗೆ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಎಂದು ಆಮೇಲೆ ತಿಳಿಯಿತು. ಒಂದೊಂದೇ ಕಣ್ಣನ್ನು ಬಿಡಿಯಾಗಿ ನೋಡಿ ಎರಡೂ ಚೊಕ್ಕ ಎಂದದ್ದನ್ನು ಕೇಳಿಯೂ ನನಗೆ ಏನೂ ಅನ್ನಿಸಲಿಲ್ಲ. ಮೂವತ್ತು ವರ್ಷ ಬಿಡಿ ಟ್ಯೂಬುಗಳನ್ನು ನೋಡಿ ಮೋಸಹೋಗಬೇಡಿ ಎಂದು ಹೇಳಿಕೊಂಡು ಬಂದವನಿಗೆ.

ನನ್ನ ತಲೆಯಲ್ಲಿದ್ದುದು ಬಾಯಿಯವರ ಮಾತು, ಕೈ ಹೋತೇನು ನಿಂದು ಎಂಬುದು. ನನ್ನ ಕೆಲಸ ಶುದ್ಧವಾಗಿದೆ ಎಂದು ಯಾರೂ ಎದುರು ಹೇಳಲಾಗದ ಹಾಗೆ ತೋರಿಸಬೇಕಿತ್ತು. ಅದಕ್ಕೆ ಒಂದು ಪ್ರಯೋಗ ಹೊಳೆಯಿತು. ಟಿವಿಯ ಮುಂದಿನ ಕೆಳಹಲಗೆ ಬಿಚ್ಚಿ, ಕೆಂಪು ಮತ್ತು ನೀಲಿ ಟ್ಯೂಬುಗಳ ಲೆನ್ಸಿನ ಮೇಲೆ ಕಪ್ಪು ಬಟ್ಟೆ ಹೊದಿಸಿದೆ. ಪರದೆಯ ಮೇಲೆ ಹಸಿರು ಜಾಲರಿಯೊಂದೇ ಉಳಿಯಿತು. ಕೂಡಿಸಲು ಎರಡನೆಯ ಟ್ಯೂಬೇ ಇಲ್ಲದಿರುವಾಗ ಕೂಡುವುದರಲ್ಲಿ ತಪ್ಪು ಎಲ್ಲಿಂದ ಬರಬೇಕು?

"ಈಗ ನೋಡ್ರಿ ಅಕ್ಕಾರ. ನಡುವಿನ ಅಡ್ಡಗೆರಿ. ಎಷ್ಟು ಅದಾವ?"

ಅವಳು ಗದ್ದ ಎತ್ತಿ, ಕಷ್ಟಪಟ್ಟು ನೋಡಿದಳು. ನನಗೆ ಬೇಕಾದ ಉತ್ತರ ಯಾವುದು ಎಂದು ಅವಳಿಗೆ ತಿಳಿದಿರಬೇಕು. ಒಂದು ಎಂದಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು.

"ಎರಡು ಅವ, ಅಣ್ಣಾರ. ಎರಡನೇದು ಒಂದೀಟು ಮ್ಯಾಲ."

ನಾನು ಎದ್ದು ನಿಂತೆ. "ಒಂದು ಟ್ಯೂಬಿನಾಗ ಎರಡು ಗೆರಿ ಬರಾಕ ಸಾಧ್ಯನ ಇಲ್ರಿ ಶ್ರೀನಿವಾಸರಾವ್ರ. ಟಿವಿದು ಏನೂ ತಪ್ಪಿಲ್ಲ. ಕಣ್ಣೂ ಚಲೋ ಅದಾವ ಅಂತ ಅಲ್ಲೇ ಹೇಳ್ಯಾರ. ಇನ್ನ ಏನಂತ ಅಕ್ಕಾರಿಗೇ ಗೊತ್ತು."

"ಅಂದ್ರ ಸುಳ್ಳು," ಎಂದರು ಬಾಯಿಯವರು. "ಬಡಕೊಂಡೆ ನಾ. ಕೆಲಸದ ಹೊತ್ತಿಗೆ ನಾಟಕ ಅಂತ."

ಸುಳ್ಳು ಎಂದು ನಾನು ಹೇಳಿರಲಿಲ್ಲ. ಸುಳ್ಳಲ್ಲ ಎಂದೂ ಹೇಳಲಿಲ್ಲ. ಬಟ್ಟೆ ತೆಗೆದು, ಹಲಗೆ ಕೂರಿಸಿ, ಸ್ಕ್ರೂ ತಿರುವುತ್ತ ಕೂತೆ. ಹಿಂದೆ ಮಯೂರಿ ಎದ್ದು ಗೋಡೆ ಹಿಡಿದು ಒಳಗೆ ಹೋದದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅಂಗಡಿಯಲ್ಲಿ ಶಿರೋಳದವರೊಬ್ಬರ ಟಿವಿ ಬಿಚ್ಚಿ ಕೂತಿದ್ದೆ. ಒಂದು ಲೆನ್ಸಿಗೆ ಬಟ್ಟೆ ಹಾಕುತ್ತಿದ್ದ ಕೈ ಹಾಗೇ ನಿಂತಿತು. ನಿನ್ನೆಯ ಪ್ರಯೋಗದಲ್ಲಿ ಟ್ಯೂಬು ಒಂದೇ ಇತ್ತು. ಆದರೆ ನೋಡುವ ಕಣ್ಣು ಎರಡಿದ್ದವು. ಎರಡು ಕಣ್ಣುಗಳ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವುದು ಕಣ್ಣು ತಿರುಗಿಸುವ ಸ್ನಾಯುಗಳ ಕೆಲಸ. ಅವು ದಣಿದರೆ ಗೆರೆ ಒಂದೇ ಇದ್ದರೂ ಕಾಣುವುದು ಎರಡು, ಎರಡೂ ಪೂರ್ತಿ ಬಣ್ಣದವು. ಬೆಳಿಗ್ಗೆ ಸರಿ, ಸಂಜೆ ತಪ್ಪು, ಮಲಗಿ ಎದ್ದರೆ ಮತ್ತೆ ಸರಿ. ಕಾದು ಜಾರುತ್ತಿದ್ದುದು ಐಸಿ ಅಲ್ಲ. ಕೈಯಲ್ಲಿದ್ದ ಬಟ್ಟೆಯಿಂದ ಅವಳ ಒಂದು ಕಣ್ಣು ಮುಚ್ಚಿ, ಈಗ ಎಷ್ಟು ಎಂದು ಕೇಳಿದ್ದರೆ ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು. ಪ್ರಯೋಗ ತಪ್ಪಾಗಿರಲಿಲ್ಲ. ಅವಳು ನಿಜ ಹೇಳುತ್ತಿದ್ದಾಳೆ, ದೋಷ ಅವಳ ದೇಹದಲ್ಲಿದೆ ಎಂದು ಅದು ಸ್ಪಷ್ಟವಾಗಿ ತೋರಿಸಿತ್ತು. ನಾನು ಅದರಿಂದ ಬೇರೆ ತೀರ್ಮಾನ ತೆಗೆದು ಎಲ್ಲರ ಮುಂದೆ ಓದಿ ಹೇಳಿ ಬಂದಿದ್ದೆ.

ಶ್ರೀನಿವಾಸನಿಗೆ ಫೋನು ಹಚ್ಚಿದೆ.

"ಹಾಂ ಸಾಜೀದ, ನಾನ ಮಾಡವನಿದ್ದೆ," ಎಂದ. ದನಿಯಲ್ಲಿ ಹಗುರವಿತ್ತು. "ನಿನ್ನಿ ನೀವು ಹೇಳಿದ್ದು ಭಾಳ ಚಲೋ ಆತ್ರಿ. ಮನ್ಯಾಗ ದಿನಾ ಅದ ಜಗಳ ಆಗಿತ್ತು. ಈಗ ಆಕಿ ಆ ಮಾತು ತಗದಿಲ್ಲ. ಅವ್ವನೂ ನಿಮ್ಮನ್ನ ಹೊಗಳಾಕತ್ತಾಳ, ಓದಿದವರ ಕೆಲಸಾನ ಬ್ಯಾರೆ ಅಂತ."

"ಚಿತ್ರ ಸರಿ ಐತಲ್ರಿ?" ಎಂದೆ.

"ಫಸ್ಟ್ ಕ್ಲಾಸ್."

"ಸರಿ ಹಂಗಾರ," ಎಂದು ಇಟ್ಟೆ. ಎಷ್ಟು ಹೊತ್ತು ಮಾತಾಡಿದೆ ಎಂದು ಫೋನು ತೋರಿಸಿತು: ನಲವತ್ತೇಳು ಸೆಕೆಂಡು. ಮುಂದಿನ ಸಲ ಹೋದಾಗ ಹೇಳಿದರಾಯಿತು ಎಂದುಕೊಂಡೆ. ನಾನು ಡಾಕ್ಟರನಲ್ಲ, ನನಗೇಕೆ ಎಂದುಕೊಂಡೆ. ಹೊಗಳಿದವರಿಗೆ ಮರುದಿನವೇ ನಿನ್ನೆ ಹೇಳಿದ್ದು ತಪ್ಪು ಎನ್ನುವುದು ನನ್ನಿಂದಾಗಲಿಲ್ಲ. ಕಾರಣ ಅಷ್ಟೇ. ಅದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ.

ಟಿವಿ ಕೆಡಲಿಲ್ಲ, ಮುಂದಿನ ಸಲವೂ ಬರಲಿಲ್ಲ. ಅಕ್ಟೋಬರಿನಲ್ಲಿ ಗಜೇಂದ್ರಗಡದಲ್ಲಿ ಕೇಬಲ್ ನೋಡಿಕೊಳ್ಳುವ ದುರಗಪ್ಪ ಅಂಗಡಿಗೆ ಬಂದವನು ಸುದ್ದಿ ಹೇಳಿದ. ಹದಿನೈದು ದಿನದ ಹಿಂದೆ ಮಯೂರಿಗೆ ಊಟ ಮಾಡುವಾಗ ತುತ್ತು ಗಂಟಲಲ್ಲಿ ನಿಂತಿತು. ಕುಡಿದ ನೀರು ಮೂಗಿನಿಂದ ಬಂತು. ಒಂದು ತಾಸಿನಲ್ಲಿ ಉಸಿರು ಎಳೆಯಲಾಗದೆ ಮುಖ ಕಪ್ಪಿಟ್ಟಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಯಂತ್ರ ಹಚ್ಚಿ ಉಳಿಸಿಕೊಂಡಿದ್ದರು.

"ಡಾಕ್ಟರ್ ಕೇಳಿದ್ರಂತ, ಎರಡೆರಡು ಕಾಣೂದು ಯಾವಾಗಿಂದ ಅಂತ," ಎಂದ ದುರಗಪ್ಪ. "ನಾಕು ತಿಂಗಳಾತು ಅಂದ್ರಂತ. ಕರಕೊಂಡು ಯಾಕ ಬರಲಿಲ್ಲ ಅಂದ್ರ, ಟಿವಿ ರಿಪೇರಿ ಮಾಡಸ್ತಿದ್ವಿ ಅಂದ್ರಂತ. ಡಾಕ್ಟರ್ ತಲಿ ಹಿಡಕೊಂಡು ಕುಂತ್ರಂತ ನೋಡ್ರಿ." ಅವನು ನಗುತ್ತಲೇ ಹೇಳಿದ. ರಿಪೇರಿ ಮಾಡಿದವನು ಎದುರಿಗೇ ಕೂತಿದ್ದಾನೆ ಎಂದು ಅವನಿಗೆ ಹೊಳೆದಿರಲಿಲ್ಲ.

ಸ್ನಾಯುವಿಗೆ ನರ ಕೊಡುವ ಸಂದೇಶ ಬಳಸಿದಷ್ಟೂ ಸೊರಗುತ್ತ ಹೋಗುವ ರೋಗವಂತೆ. ಮೊದಲು ರೆಪ್ಪೆ ಮತ್ತು ಕಣ್ಣು, ಆಮೇಲೆ ಮಾತು, ನುಂಗುವುದು, ಕೊನೆಗೆ ಉಸಿರು. ಬೇಗ ಹಿಡಿದರೆ ಬಹಳ ಮಂದಿ ಗುಳಿಗೆಯ ಮೇಲೆ ಸರಿಯಾಗಿ ಬದುಕುತ್ತಾರಂತೆ. ಇಳಿದ ರೆಪ್ಪೆಯ ಮೇಲೆ ಮಂಜುಗಡ್ಡೆ ಇಟ್ಟು, ಅದು ಮೇಲೇಳುವುದನ್ನು ನೋಡಿಯೇ ಡಾಕ್ಟರು ಅನುಮಾನಪಟ್ಟರಂತೆ. ನಾನು ಐಸಿಗೆ ತಂಪು ಹೊಡೆಯುತ್ತ ಕೂತಿದ್ದ ತಿಂಗಳಲ್ಲಿ ಒಂದು ತುಂಡು ಮಂಜುಗಡ್ಡೆ ಸಾಕಾಗುತ್ತಿತ್ತು.

ಡಿಸೆಂಬರಿನಲ್ಲಿ ಜಕ್ಕಲಿಗೆ ಹೋದೆ. ಮಯೂರಿ ತವರಿನಲ್ಲಿದ್ದಳು. ಅವಳ ತಂದೆ ವೇದವ್ಯಾಸ ಮಾಸ್ತರರು ಸಾಲೆಯಿಂದ ನಿವೃತ್ತರಾದವರು, ಕುರ್ಚಿ ಹಾಕಿ ಕೂರಿಸಿದರು. ಅವಳು ದಿಂಬಿಗೆ ಒರಗಿದ್ದಳು, ಗಂಟಲಲ್ಲಿ ನಳಿಕೆ ಹಾಕಿದ್ದ ಗಾಯದ ಗುರುತು ಕೆಂಪಗಿತ್ತು. ನಾನು ತಪ್ಪಾಯಿತು ಎಂದೆ.

"ಒಂದು ಕೇಳ್ತೇನಿ ಅಣ್ಣಾರ. ನಿಮಗ ಯಾವಾಗ ಗೊತ್ತಾತು?"

"ಮರುದಿನ ಮುಂಜಾನಿ."

"ಮರುದಿನ," ಎಂದಳು. ಕಿಟಕಿಯ ಕಡೆ ನೋಡಿದಳು. "ಅಂದ್ರ ದವಾಖಾನಿಗೆ ಒಯ್ಯೂದಕ್ಕ ಎರಡು ತಿಂಗಳು ಮೊದಲ."

"ಫೋನ್ ಮಾಡಿದ್ದೆ, ಹೇಳಾಕ ಬಾಯಿ ಬರ್ಲಿಲ್ಲ."

"ಅದು ನಿಮ್ಮ ಕಡೆನ ಇರ್ಲಿ." ಅವಳು ಉಸಿರು ತೆಗೆದುಕೊಂಡು ಮುಂದುವರಿದಳು. "ನನಗ ಬ್ಯಾರೆ ಕೆಲಸ ಅದ ನಿಮ್ಮಿಂದ. ಈ ರೋಗ ಮೊದಲಿಂದ ಇತ್ತು, ಮುಚ್ಚಿಟ್ಟು ಲಗ್ನ ಮಾಡಿಕೊಟ್ರು ಅಂತ ಅವರ ಮನ್ಯಾಗ ಮಾತು ನಡದದ. ಲಗ್ನದಿಂದ ಬಿಡುಗಡಿ ಬೇಕಂತ. ಅವರಿಗೆ ಬ್ಯಾಡಾದ್ರ ನನಗೂ ಬ್ಯಾಡ. ಆದ್ರ ಅಪ್ಪಗ ಮೋಸಗಾರ ಅನ್ನೂದು ನಾ ಕೇಳಲಾರೆ. ಬರೂ ತಿಂಗಳು ಹಿರಿಯರು ಕೂಡೂರದಾರ. ನೀವು ಬರ್ರಿ. ಎರಡ ಮಾತು ಹೇಳ್ರಿ. ಮಾರ್ಚನ್ಯಾಗ ಸಂಜಿ ಏಳರ ತನಕ ನಾ ಅರ್ಧ ಗೆರಿ ತಪ್ಪು ಹಿಡಿದಿದ್ದೆ, ಅದನ್ನ ನೀವು ಭೂತಗನ್ನಡಿ ಹಿಡಿದು ನೋಡೀರಿ, ಇವರೂ ಇದ್ರು. ಅಂದ್ರ ಆವಾಗ ನನ್ನ ಕಣ್ಣು ಚಲೋ ಇದ್ದುವು. ಜೂನದಾಗ ಶುರು ಆತು, ಶುರು ಆದಾಗ ನಾ ಎಲ್ಲಾರ ಮುಂದನ ಹೇಳೇನಿ. ಅಷ್ಟ."

"ಎಲ್ಲಾನೂ ಹೇಳ್ತೇನ್ರಿ."

"ಎಲ್ಲಾ ಬ್ಯಾಡ. ಎರಡ. ಫೋನಿಂದು ಬ್ಯಾಡ, ಪಶ್ಚಾತ್ತಾಪ ಬ್ಯಾಡ. ಅಳತಿ ಮಾಡಿದ್ದು ಹೇಳ್ರಿ."

ಮಾಸ್ತರರು ಬಾಗಿಲವರೆಗೆ ಬಂದರು. "ಆಕಿ ಹೇಳಿದ್ದಷ್ಟ ಹೇಳ್ರಿ," ಎಂದರು. ಅವರೂ ಪಾಠ ಹೇಳಿದವರು, ನನ್ನ ಮುಖದಲ್ಲಿ ಏನೋ ಕಂಡಿರಬೇಕು.

ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಅದೇ ಪಡಸಾಲೆಯಲ್ಲಿ ಕೂಡಿದರು. ಎರಡೂ ಕಡೆಯ ಐದಾರು ಹಿರಿಯರು ಜಮಖಾನೆಯ ಮೇಲೆ ಕೂತಿದ್ದರು. ಟಿವಿಯ ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದರು. ನನ್ನ ಸರದಿ ಬಂದಾಗ ಮಾರ್ಚಿನದನ್ನು ಹೇಳಿದೆ, ಸಮಯ ಸಹಿತ ಹೇಳಿದೆ. ಜೂನಿನದನ್ನು ಹೇಳಿದೆ. ಬೋಳು ತಲೆ ಹೊಳೆಯುತ್ತಿದ್ದ ಹಿರಿಯರೊಬ್ಬರು ತಲೆಯಾಡಿಸಿದರು. "ಹಂಗಾರ ಲಗ್ನಾದ ನಾಕು ವರ್ಷದ ಮ್ಯಾಲೆ ಬಂದದ್ದು ಅಂದಂಗಾತು," ಎಂದು ಪಕ್ಕದವರಿಗೆ ಹೇಳಿದರು. ಮಯೂರಿ ನನ್ನನ್ನೇ ನೋಡುತ್ತಿದ್ದಳು. ಸಾಕು ಎಂಬಂತೆ ಕಣ್ಣು ಮುಚ್ಚಿ ತೆರೆದಳು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅರ್ಧ ಹೇಳಿದ ವರದಿ ಸುಳ್ಳು ವರದಿಗೆ ಸಮ ಎಂದು ನನಗೆ ಅನ್ನಿಸಿತು. ಹಾಗೆಂದು ಆ ಕ್ಷಣದಲ್ಲಿ ನನಗೆ ನಾನೇ ಹೇಳಿಕೊಂಡೆ. ಜುಲೈಯ ಪ್ರಯೋಗ, ನಾನು ಕೊಟ್ಟ ತೀರ್ಪು, ಮರುದಿನ ತಿಳಿದದ್ದು, ಫೋನು ಮಾಡಿ ಹೇಳದೆ ಇಟ್ಟದ್ದು, ಎಲ್ಲವನ್ನೂ ಬಿಡದೆ ಹೇಳಿದೆ. ಹೇಳುತ್ತ ಹೋದಂತೆ ಎದೆ ಹಗುರಾಯಿತು. ಕೊನೆಗೆ ಕಣ್ಣಲ್ಲಿ ನೀರೂ ಬಂತು.

ಶ್ರೀನಿವಾಸ ತಲೆ ಎತ್ತಿದ. ಆವರೆಗೆ ಅವನು ಜಮಖಾನೆಯ ದಾರ ಕೀಳುತ್ತ ಕೂತಿದ್ದ.

"ಕೇಳಿದ್ರಿಲ್ಲೋ?" ಎಂದ ಹಿರಿಯರಿಗೆ. "ಈ ಮನಷ್ಯಾಗ ಗೊತ್ತಿತ್ತು. ಫೋನ್ ಮಾಡಿ ಚಿತ್ರ ಸರಿ ಐತಲ್ಲ ಅಂತ ಕೇಳಿದ್ರು. ಒಂದು ಮಾತು ಹೇಳಿದ್ರ ನಾ ಅವತ್ತ ಗಾಡಿ ಮಾಡಿಕೊಂಡು ಹೋಗ್ತಿದ್ದೆ. ನಾನೇನು ಕಣ್ಣು ತೋರಿಸಲಿಲ್ಲೇನು? ನರಗುಂದದಾಗ ತೋರಿಸೇನಿ. ಇನ್ನ ಗಂಡಾದವ ಏನು ಮಾಡಬೇಕಿತ್ತು?"

"ನಮ್ಮ ತಪ್ಪೇನದ ಹೇಳ್ರಿ," ಎಂದರು ಸಾವಿತ್ರಿಬಾಯಿ. "ಇವನ ಬಾಯಲೆ ಇವ ಒಪ್ಪಿಕೊಂಡಾನ. ಸಾಜೀದಾ, ಅವತ್ತು ಇದ ಜಾಗಾದಾಗ ನಿಂತು ಒಂದು ಹೇಳಿದಿ, ಇವತ್ತು ಇನ್ನೊಂದು ಹೇಳ್ತಿ. ಮಾರ್ಚದಾಗ ಕಣ್ಣು ಚಲೋ ಇದ್ದುವು ಅನ್ನೂದರ ಖರೇನೋ ಇಲ್ಲೋ, ಯಾರು ನಂಬಬೇಕು?"

ಹಿರಿಯರು ನನ್ನನ್ನು ಬೈಯಲು ಶುರುಮಾಡಿದರು. ಒಬ್ಬರು ಪೊಲೀಸ್ ಎಂದರು, ಒಬ್ಬರು ಕಲಿತ ಮೂರ್ಖ ಎಂದರು. ನಾನು ಅದಕ್ಕೆ ತಯಾರಾಗಿಯೇ ಬಂದಿದ್ದೆ, ಬೈಗಳು ಒಂದು ರೀತಿಯಲ್ಲಿ ಸಮಾಧಾನವನ್ನೂ ಕೊಟ್ಟವು. ಒಂದು ತಾಸು ಮಾತು ನನ್ನ ಸುತ್ತಲೇ ತಿರುಗಿತು. ಮಾರ್ಚಿನ ಸಂಜೆಯನ್ನು ಮತ್ತೆ ಯಾರೂ ಎತ್ತಲಿಲ್ಲ. ವೇದವ್ಯಾಸ ಮಾಸ್ತರರು ಎರಡು ಸಲ ಬಾಯಿ ತೆರೆದರು, ಅವರ ದನಿ ಆ ಗದ್ದಲದಲ್ಲಿ ಮೇಲೇಳಲಿಲ್ಲ. ಕೊನೆಗೆ ಬಿಡುಗಡೆಯ ಮಾತಷ್ಟೇ ಗಟ್ಟಿಯಾಯಿತು. ರೋಗ ಮೊದಲೇ ಇತ್ತು ಎಂಬ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲರೂ ಚಹಾ ಕುಡಿದು ಎದ್ದರು.

ಹೊರಗೆ ಆಟೋ ನಿಂತಿತ್ತು. ಮಾಸ್ತರರು ಮಗಳನ್ನು ಹಿಡಿದು ಹತ್ತಿಸುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ. ಏನಾದರೂ ಒಳ್ಳೆಯ ಮಾತು ಬರಬಹುದೆಂದು ನಿಂತೆ ಎಂಬುದನ್ನೂ ಇಲ್ಲಿ ಬರೆಯಬೇಕು.

"ನಾ ಎರಡ ಮಾತು ಕೇಳಿದ್ದೆ, ಅಣ್ಣಾರ," ಎಂದಳು ಮಯೂರಿ. "ನೀವು ಬಂದು ನಿಮ್ಮ ಪಾಪ ತೊಳಕೊಂಡು ಹೊಂಟ್ರಿ. ಅವತ್ತು ನನ್ನ ಮಾತಿಗೆ ಬೆಲಿ ಇಲ್ಲದಂಗ ಮಾಡಿದ್ರಿ. ಇವತ್ತು ನಿಮ್ಮದಕ್ಕೂ ಇಲ್ಲದಂಗ ಮಾಡಿಕೊಂಡ್ರಿ. ನನಗ ಇದ್ದ ಸಾಕ್ಷಿ ಅದೊಂದ ಇತ್ತು."

ಆಗ ಮಧ್ಯಾಹ್ನ ಹನ್ನೆರಡೂವರೆ. ಬೆಳಗಿನ ಗುಳಿಗೆಯ ಬಲ ಇನ್ನೂ ಇದ್ದಿರಬೇಕು, ಅವಳ ಮಾತಿನ ಒಂದಕ್ಷರವೂ ಮೂಗಿನಲ್ಲಿ ಹೋಗಲಿಲ್ಲ. ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು.